ಅಮೆರಿಕ ಹುಟ್ಟಿದಾಗ ಪಟ್ಟಿಯಲ್ಲಿ ಯಾರಿದ್ದರು?

(ಓದುಗರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೆ.)

ಎಲ್ಲರಿಗೂ ನಮಸ್ಕಾರ.

ಕಾರ್ನ್‌ವಾಲಿಸ್ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು. ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು. ಅದಕ್ಕೆ ಹತ್ತು ವರ್ಷ ಮೊದಲು ಇದೇ ಮನುಷ್ಯ ಅಮೆರಿಕದಲ್ಲಿದ್ದ, ಅಲ್ಲಿನ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಕಡೆ. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೂ ಫ್ರೆಂಚರಿಗೂ ಶರಣಾದ. ಕತ್ತಿ ಒಪ್ಪಿಸುವ ಹೊತ್ತಿಗೆ ಮೈಗೆ ಹುಷಾರಿಲ್ಲ ಎಂದು ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ವಾಷಿಂಗ್ಟನ್ನೂ ಕತ್ತಿಯನ್ನು ತಾನು ಮುಟ್ಟಲಿಲ್ಲ. ತನ್ನ ಕೈಕೆಳಗಿನ ಬೆಂಜಮಿನ್ ಲಿಂಕನ್ ಎಂಬ ಜನರಲ್‌ ಕಡೆ ಕೈ ತೋರಿಸಿದ. ಈ ಲಿಂಕನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತಾನೆ.

ಆ ಯುದ್ಧಕ್ಕೂ ನಮಗೂ ಇನ್ನೂ ಒಂದೆರಡು ಎಳೆಗಳಿವೆ. 1773ರಲ್ಲಿ ಬಾಸ್ಟನ್ ಬಂದರಿನ ನೀರಿಗೆ ಸುರಿದ ಟೀ ಈಸ್ಟ್ ಇಂಡಿಯಾ ಕಂಪನಿಯದ್ದು. 1782ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದು ಸಣ್ಣ ಯುದ್ಧನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಡೆಲವೇರ್ ಕೊಲ್ಲಿಯಲ್ಲಿ ಹಿಡಿಯಿತು. ಆ ಸಣ್ಣ ನೌಕೆಯ ಹೆಸರು ಹೈದರ್ ಅಲಿ! ನಮ್ಮ ಹೈದರನದೇ ಹೆಸರು. ಬ್ರಿಟಿಷರಿಗೆ ತಲೆನೋವಾದವನು ಎಲ್ಲಿದ್ದರೂ ತಮ್ಮವನೇ ಎಂದುಕೊಂಡಿದ್ದರು ಅಲ್ಲಿನ ಜನ.

ಇಷ್ಟು ಕೇಳಿದರೆ ನಮಗೂ ಆ ಕಡೆಯೇ ಮನಸ್ಸು ವಾಲುತ್ತದೆ, ಅಲ್ವಾ? ಹಾಗಾದರೆ ಯಾರ್ಕ್‌ಟೌನಿಗೇ ವಾಪಸ್ಸು ಹೋಗೋಣ. ಅಲ್ಲಿ ಕಾರ್ನ್‌ವಾಲಿಸ್‌ನ ಪಾಳೆಯದಲ್ಲಿ ಸಾವಿರಾರು ಕಪ್ಪು ಜನ ಇದ್ದರು. ವರ್ಜೀನಿಯಾದ ತಂಬಾಕು ತೋಟಗಳಿಂದ ಓಡಿ ಬಂದ ಗುಲಾಮರು. ರಾಜನ ಸೈನ್ಯ ಸೇರಿದರೆ ಬಿಡುಗಡೆ ಎಂಬ ಮಾತು ನಂಬಿ ಬಂದವರು. ಕಂದಕ ತೋಡಿದರು, ಮಣ್ಣಿನ ಗೋಡೆ ಕಟ್ಟಿದರು. ಮುತ್ತಿಗೆಯಲ್ಲಿ ಊಟ ಕಡಿಮೆಯಾಯಿತು, ಸಿಡುಬು ಹಬ್ಬಿತು. ಆಗ ಕಾರ್ನ್‌ವಾಲಿಸ್ ಅವರನ್ನು ಕೋಟೆಯಿಂದ ಹೊರಗೆ ಅಟ್ಟಿದ. ಎರಡು ಸೈನ್ಯಗಳ ನಡುವಿನ ಕಾಡಿನಲ್ಲಿ ಎಷ್ಟೋ ಜನ ಸತ್ತರು. ಉಳಿದವರನ್ನು ಗೆದ್ದ ಮೇಲೆ ಹಿಡಿದು ತಂದು ಮಾಲೀಕರಿಗೆ ಒಪ್ಪಿಸುವ ಏರ್ಪಾಟು ಮಾಡಿದ್ದು ವಾಷಿಂಗ್ಟನ್.

ಎಲ್ಲರೂ ಸಮಾನರು ಎಂದು ಸಾರಿದ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಈಗ 250 ವರ್ಷ. ಆ ಹೊತ್ತಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಅಮೆರಿಕ ಹುಟ್ಟುವಾಗ ಅಮೆರಿಕನ್ನರು ಎಂಬ ಒಂದು ಜನ ಮೊದಲೇ ತಯಾರಾಗಿ ಕೂತಿರಲಿಲ್ಲ. ಯಾರು ನಮ್ಮವರು, ಯಾರು ಅಲ್ಲ ಎಂಬುದು ಯುದ್ಧ ನಡೆಯುತ್ತಿರುವಾಗಲೇ ತೀರ್ಮಾನವಾಯಿತು. ಅದು ಬರೀ ಭಾಷಣದಲ್ಲಿ, ರಣರಂಗದಲ್ಲಿ ಆದದ್ದಲ್ಲ. ಪಟ್ಟಿಗಳಲ್ಲಿ ಆದದ್ದು. ಪ್ರಮಾಣ ಮಾಡಿದವರ ಪಟ್ಟಿ, ಜಪ್ತಿಯಾದ ಆಸ್ತಿಯ ಪಟ್ಟಿ, ಹಡಗು ಹತ್ತಿದವರ ಪಟ್ಟಿ, ತೆರಿಗೆ ಕಟ್ಟದವರ ಪಟ್ಟಿ. ಪಟ್ಟಿಗಳ ವಿಷಯ ನಮ್ಮ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ರಾಜನ ಕಡೆ ನಿಂತವರು. ಅವರನ್ನು ರಾಜನಿಷ್ಠರು ಎನ್ನೋಣ. ಶಾಲೆಯ ಪಾಠದಲ್ಲಿ ಅವರೆಲ್ಲ ದೊಡ್ಡ ಸಾಹುಕಾರರು, ಸರ್ಕಾರಿ ನೌಕರರು. ಅಂಥವರೂ ಇದ್ದರು ನಿಜ. ಆದರೆ ನ್ಯೂಯಾರ್ಕಿನ ಹಡ್ಸನ್ ನದಿಯ ದಡಕ್ಕೆ ಹೋಗಿ ನೋಡಿ. ಅಲ್ಲಿ ಲಿವಿಂಗ್‌ಸ್ಟನ್ ಮನೆತನದ ಭಾರೀ ಜಮೀನ್ದಾರಿ. ಜಮೀನ್ದಾರರು ಕ್ರಾಂತಿಯ ಕಡೆ. ಒಕ್ಕಲುಗಳು ಏನು ಮಾಡಿದರು? 1777ರಲ್ಲಿ ರಾಜನ ಪರವಾಗಿ ಎದ್ದರು. ರಾಜ ಗೆದ್ದರೆ ಉಳುವ ಭೂಮಿ ತಮ್ಮ ಹೆಸರಿಗೆ ಬರುತ್ತದೆ ಎಂಬ ಆಸೆ ಅವರದು. ರಾಜನ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಒಡೆಯ ಯಾವ ಕಡೆಯೋ ಅದರ ಎದುರು ಕಡೆ ತಾವು, ಅಷ್ಟೆ. ದಂಗೆ ಕೆಲವೇ ದಿನಗಳಲ್ಲಿ ಮುಗಿಯಿತು.

ಒಂದೊಂದು ರಾಜ್ಯವೂ ನಿಷ್ಠೆಯ ಪ್ರಮಾಣದ ಕಾನೂನು ತಂದಿತು. ಪ್ರಮಾಣ ಮಾಡದವರಿಗೆ ಮತ ಇಲ್ಲ, ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ, ಕೆಲವು ಕಡೆ ಇಮ್ಮಡಿ ತೆರಿಗೆ. ಕ್ವೇಕರ್ ಪಂಥದವರು ಪಾಪ ಯಾವ ಕಡೆಯೂ ಇರಲಿಲ್ಲ. ಅವರ ಧರ್ಮದಲ್ಲಿ ಯುದ್ಧವೂ ಕೂಡದು, ಆಣೆ ಹಾಕುವುದೂ ಕೂಡದು. 1777ರಲ್ಲಿ ಫಿಲಡೆಲ್ಫಿಯಾದಿಂದ ಅವರಲ್ಲಿ ಕೆಲವರನ್ನು ವಿಚಾರಣೆಯೇ ಇಲ್ಲದೆ ವರ್ಜೀನಿಯಾಕ್ಕೆ ಗಡೀಪಾರು ಮಾಡಿದರು. ಇಬ್ಬರು ಅಲ್ಲೇ ತೀರಿಕೊಂಡರು. ಸುಮ್ಮನೆ ಇರುತ್ತೇನೆ ಎನ್ನುವುದೂ ಆಗ ಅಪರಾಧವೇ.

ಮನೆಯೊಳಗಿನ ಬಿರುಕಿಗೆ ಬೆಂಜಮಿನ್ ಫ್ರಾಂಕ್ಲಿನ್ ಮನೆ ಸಾಕು. ಮಗ ವಿಲಿಯಂ ನ್ಯೂಜೆರ್ಸಿಯ ರಾಜ್ಯಪಾಲ, ರಾಜನೇ ನೇಮಿಸಿದವನು. ಅಪ್ಪ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವರ್ಷವೇ ಮಗನ ಬಂಧನವಾಯಿತು. ಜೈಲಿನಲ್ಲಿದ್ದಾಗ ಹೆಂಡತಿ ಕಾಯಿಲೆ ಬಿದ್ದಳು, ಹೋಗಿ ನೋಡಲು ಬಿಡಲಿಲ್ಲ, ಸತ್ತಳು. ಯುದ್ಧ ಮುಗಿದ ಮೇಲೆ ಅಪ್ಪ ಮಗ 1785ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒಮ್ಮೆ ಭೇಟಿಯಾದರು. ಆಸ್ತಿಪಾಸ್ತಿಯ ಲೆಕ್ಕ ಚುಕ್ತಾ ಮಾಡಿಕೊಂಡರು. ಅಪ್ಪನ ಉಯಿಲಿನಲ್ಲಿ ಮಗನಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಏನೂ ಇಲ್ಲ. ಯುದ್ಧದಲ್ಲಿ ನನ್ನ ವಿರುದ್ಧ ನಿಂತು ನನ್ನ ಆಸ್ತಿ ಕಿತ್ತುಕೊಳ್ಳಲು ನೋಡಿದನಲ್ಲ, ಅದಕ್ಕೇ ಇಷ್ಟು ಎಂಬ ಅರ್ಥದ ಮಾತು ಉಯಿಲಿನಲ್ಲೇ ಇದೆ. ಅಷ್ಟು ಜಾಣ, ಅಷ್ಟು ತಮಾಷೆಯ ಮನುಷ್ಯ. ಈ ಒಂದು ವಿಷಯದಲ್ಲಿ ಮಾತ್ರ ಕಲ್ಲು.

ಒಟ್ಟು ಸುಮಾರು 60,000 ಜನ ಹೊಸ ದೇಶ ಬಿಟ್ಟು ಹೊರಟರು. ಕೆನಡಾ, ಬ್ರಿಟನ್, ಕೆರಿಬಿಯನ್ ದ್ವೀಪಗಳು. ಹೋಗುವಾಗ ಸುಮಾರು 15,000 ಗುಲಾಮರನ್ನೂ ಹೊಡೆದುಕೊಂಡು ಹೋದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ರಾಜನ ಕಡೆಯವರೇ ಒಳ್ಳೆಯವರು ಅಂತ ನೀವು ತಿಳಿಯಬಾರದು. 1775ರ ನವೆಂಬರ್‌ನಲ್ಲಿ ವರ್ಜೀನಿಯಾದ ರಾಜ್ಯಪಾಲ ಲಾರ್ಡ್ ಡನ್‌ಮೋರ್ ಗುಲಾಮರಿಗೆ ಬಿಡುಗಡೆ ಸಾರಿದ. ಆದರೆ ಬಂಡಾಯಗಾರರ ಗುಲಾಮರಿಗೆ ಮಾತ್ರ. ಅದೂ ಆಯುಧ ಹಿಡಿಯುವ ಶಕ್ತಿ ಇದ್ದವರಿಗೆ. ಡನ್‌ಮೋರ್ ಮನೆಯಲ್ಲೂ ಗುಲಾಮರಿದ್ದರು, ಅವರಿಗೆ ಈ ಮಾತು ಇಲ್ಲ.

ಆದರೂ ಜನ ಓಡಿ ಬಂದರು. ಅವರಲ್ಲಿ ಒಬ್ಬನ ಕಥೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವನ ಹೆಸರು ಹ್ಯಾರಿ ವಾಷಿಂಗ್ಟನ್.

ಆಫ್ರಿಕಾದ ಗ್ಯಾಂಬಿಯಾ ನದಿಯ ಕಡೆ ಹುಟ್ಟಿದವನು. 1763ರಲ್ಲಿ ಜಾರ್ಜ್ ವಾಷಿಂಗ್ಟನ್ ಅವನನ್ನು ಕೊಂಡ. ಮೊದಲು ಜೌಗು ನೆಲ ಒಣಗಿಸುವ ಕೆಲಸ, ಆಮೇಲೆ ಮೌಂಟ್ ವರ್ನನ್ ಮನೆಯ ಕುದುರೆ ಲಾಯ. 1771ರಲ್ಲಿ ಒಮ್ಮೆ ಓಡಿದ, ಸಿಕ್ಕಿಬಿದ್ದ. 1776ರಲ್ಲಿ ಮತ್ತೆ ಓಡಿ ಡನ್‌ಮೋರ್‌ನ ಹಡಗುಗಳನ್ನು ಸೇರಿಕೊಂಡ. ಒಡೆಯ ಒಂದು ಸೈನ್ಯದ ದಂಡನಾಯಕ, ಕುದುರೆ ನೋಡಿಕೊಳ್ಳುತ್ತಿದ್ದವನು ಎದುರು ಸೈನ್ಯದ ಕಪ್ಪು ಪಯನಿಯರ್ ದಳದಲ್ಲಿ ಕಾರ್ಪೊರಲ್.

1783ರಲ್ಲಿ ಯುದ್ಧ ಮುಗಿಯಿತು. ಪ್ಯಾರಿಸ್ ಒಪ್ಪಂದದ ಏಳನೆಯ ಕಲಮು ನೋಡಿ. ಬ್ರಿಟಿಷ್ ಸೈನ್ಯ ವಾಪಸ್ಸು ಹೋಗುವಾಗ ಕಪ್ಪು ಜನರನ್ನಾಗಲೀ ಬೇರೆ ಆಸ್ತಿಯನ್ನಾಗಲೀ ಒಯ್ಯಕೂಡದು ಎನ್ನುತ್ತದೆ. ಬೇರೆ ಆಸ್ತಿ ಎಂಬ ಮಾತನ್ನು ಗಮನಿಸಿ. ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್ ಇದಕ್ಕೆ ಬಗ್ಗಲಿಲ್ಲ. ಮೇ ತಿಂಗಳಲ್ಲಿ ಟ್ಯಾಪನ್ ಎಂಬ ಊರಲ್ಲಿ ವಾಷಿಂಗ್ಟನ್ ಅವನನ್ನು ಭೇಟಿಯಾಗಿ ಗುಲಾಮರ ವಿಷಯ ಎತ್ತಿದ. ಕಾರ್ಲ್‌ಟನ್ ಹೇಳಿದ್ದು: ಕೆಲವರು ಈಗಾಗಲೇ ಹಡಗು ಹತ್ತಿದ್ದಾರೆ, ಕೊಟ್ಟ ಮಾತು ಮುರಿದರೆ ನಮ್ಮ ಮಾನ ಹೋಗುತ್ತದೆ, ಬೇಕಿದ್ದರೆ ಪರಿಹಾರದ ಲೆಕ್ಕಕ್ಕೆ ಹೆಸರು ಬರೆದಿಡುತ್ತೇವೆ. ಇದಕ್ಕೆ ಕೆಲವು ದಿನ ಮೊದಲು ವಾಷಿಂಗ್ಟನ್ ಒಂದು ಕಾಗದ ಬರೆದಿದ್ದ. ನನ್ನ ಗುಲಾಮರೂ ಕೆಲವರು ನ್ಯೂಯಾರ್ಕಿನಲ್ಲಿ ಇರಬಹುದು, ಕಣ್ಣಿಗೆ ಬಿದ್ದರೆ ಹಿಡಿದಿಡಿ ಎಂದು.

ಹೀಗೆ ಒಂದು ದಫ್ತರ ಶುರುವಾಯಿತು. ಸುಮಾರು 3,000 ಹೆಸರು. ಹೆಸರು, ವಯಸ್ಸು, ಹಳೆಯ ಒಡೆಯ, ಹತ್ತಿದ ಹಡಗು, ಆಳು ಹೇಗಿದ್ದಾನೆ ಎಂಬ ಟಿಪ್ಪಣಿ. ಒಬ್ಬ ಗಟ್ಟಿ ಆಳು, ಇನ್ನೊಬ್ಬ ಸವೆದುಹೋದವನು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಹಾಗೆ. ಬಿಡುಗಡೆಯ ಪತ್ರಕ್ಕೂ ಮಾರಾಟದ ಭಾಷೆಯೇ. ಅದರಲ್ಲಿ ಹ್ಯಾರಿಯ ಸಾಲು ಹೀಗಿದೆ: 43 ವರ್ಷ, ಹಿಂದೆ ಜನರಲ್ ವಾಷಿಂಗ್ಟನ್ನರ ಆಸ್ತಿ, ಅವರನ್ನು ಬಿಟ್ಟು 7 ವರ್ಷ.

ಹಡಗು ಅವನನ್ನು ಕೆನಡಾದ ನೋವಾ ಸ್ಕೋಷಿಯಾಕ್ಕೆ ಒಯ್ದಿತು. ಬರ್ಚ್‌ಟೌನ್ ಎಂಬ ಕಪ್ಪು ಜನರ ಊರು. ಬರೀ ಕಲ್ಲು ನೆಲ, ಹಾಳು ಚಳಿ. ಪಕ್ಕದ ಶೆಲ್ಬರ್ನ್ ಊರಿನಲ್ಲಿ ಬಿಳಿಯ ರಾಜನಿಷ್ಠರು. 1784ರಲ್ಲಿ ಕೆಲಸವಿಲ್ಲದ ಬಿಳಿಯ ಸಿಪಾಯಿಗಳು, ಕಪ್ಪು ಜನ ಕಡಿಮೆ ಕೂಲಿಗೆ ದುಡಿಯುತ್ತಾರೆ ಎಂಬ ಸಿಟ್ಟಿಗೆ ಅವರ ಮನೆಗಳನ್ನು ಕೆಡವಿದರು. ಒಂದೇ ರಾಜನಿಗೆ ಒಂದೇ ಯುದ್ಧ ಮಾಡಿ ಬಂದವರೇ ಇವರೆಲ್ಲ. 1792ರ ಜನವರಿಯಲ್ಲಿ ಸುಮಾರು 1,200 ಕಪ್ಪು ಜನ 15 ಹಡಗುಗಳಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟರು. ಹ್ಯಾರಿಯೂ ಹೊರಟ. ಅಲ್ಲಿ ಭೂಮಿ ಕೊಡುವುದಾಗಿ ಹೇಳಿ ಕರೆದೊಯ್ದ ಕಂಪನಿ ಆಮೇಲೆ ಭೂಮಿಗೆ ಗುತ್ತಿಗೆ ಕೇಳಿತು. ನಮ್ಮನ್ನು ಕೇಳದೆ ಕಂದಾಯ ಹಾಕಲು ನೀವು ಯಾರು ಎಂದು ಜನ ತಿರುಗಿಬಿದ್ದರು. 1800ರ ಸೆಪ್ಟೆಂಬರ್‌ನಲ್ಲಿ ತಮ್ಮದೇ ಕಾನೂನು ಬರೆದು ಊರಲ್ಲಿ ಅಂಟಿಸಿದರು. ದಂಗೆ ಅಡಗಿತು. ಇಬ್ಬರಿಗೆ ಗಲ್ಲು. ಹ್ಯಾರಿ ಮತ್ತು ಇತರರಿಗೆ ಗಡೀಪಾರು. ಅವನ ಹಳೆಯ ಒಡೆಯ ಸತ್ತು ಆಗ ಇನ್ನೂ ವರ್ಷವಾಗಿರಲಿಲ್ಲ.

ಒಬ್ಬ ವಾಷಿಂಗ್ಟನ್ ತೆರಿಗೆಯ ವಿರುದ್ಧ ಬಂಡೆದ್ದು ದೇಶದ ಪಿತಾಮಹನಾದ. ಇನ್ನೊಬ್ಬ ಅದೇ ಕೆಲಸ ಮಾಡಿ ಹೆಸರಿಲ್ಲದೆ ಹೋದ. ನನಗೆ ಕೇಳಿದರೆ ಇಬ್ಬರಲ್ಲಿ ಹ್ಯಾರಿಯದೇ ಜಾಸ್ತಿ ಗಟ್ಟಿ ಜೀವ.

ಕಪ್ಪು ಜನರೆಲ್ಲ ರಾಜನ ಕಡೆ ಹೋದರು ಎಂದಲ್ಲ. ಸುಮಾರು 5,000 ಜನ ವಾಷಿಂಗ್ಟನ್ನನ ಕಡೆಯೂ ಹೋರಾಡಿದರು. ಜೇಮ್ಸ್ ಎಂಬ ಗುಲಾಮ ಕಾರ್ನ್‌ವಾಲಿಸ್ ಪಾಳೆಯದಲ್ಲಿ ಬೇಹುಗಾರನಾಗಿ ಸುದ್ದಿ ತಂದುಕೊಟ್ಟ. ಯುದ್ಧ ಮುಗಿದ ಮೇಲೂ ಅವನು ಗುಲಾಮನೇ. ಯಾಕೆಂದರೆ ಕಾನೂನಿನಲ್ಲಿ ಬಿಡುಗಡೆ ಇದ್ದದ್ದು ಸೈನಿಕರಾಗಿ ಹೆಸರು ಬರೆಸಿದವರಿಗೆ. ಬೇಹುಗಾರನ ಹೆಸರನ್ನು ಯಾರು ಬರೆಯುತ್ತಾರೆ? ಅರ್ಜಿ ಹಾಕಿ, ಫ್ರೆಂಚ್ ಜನರಲ್ ಲಾಫಯೆಟ್‌ನ ಶಿಫಾರಸು ಪತ್ರ ಇಟ್ಟು, 1787ರಲ್ಲಿ ಬಿಡುಗಡೆ ಪಡೆದ.

ಇನ್ನು ಅಲ್ಲಿನ ಮೂಲನಿವಾಸಿಗಳು. ನ್ಯೂಯಾರ್ಕಿನ ಒಳನಾಡಿನಲ್ಲಿ ಆರು ಬುಡಕಟ್ಟುಗಳ ಒಂದು ಕೂಟ ಇತ್ತು, ಇರೊಕ್ವಾ ಕೂಟ. ತಲೆಮಾರುಗಳಿಂದ ಒಳಗೊಳಗೆ ಕಾದಾಡದೆ ಬಾಳಿದವರು. ಈ ಯುದ್ಧ ಅದನ್ನು ಸೀಳಿತು. ಮೊಹಾಕ್, ಸೆನೆಕಾ, ಕಯುಗಾ, ಒನೊಂಡಾಗಾ ಜನ ಹೆಚ್ಚಾಗಿ ಬ್ರಿಟಿಷರ ಕಡೆ ಹೋದರು. ಒನೈಡಾ ಮತ್ತು ಟಸ್ಕರೋರಾ ಅಮೆರಿಕದ ಕಡೆ. 1777ರ ಆಗಸ್ಟ್‌ನಲ್ಲಿ ಒರಿಸ್ಕನಿ ಎಂಬಲ್ಲಿ ಸೋದರ ಬುಡಕಟ್ಟುಗಳೇ ಎದುರುಬದುರಾಗಿ ಕೊಂದಾಡಿದವು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸೈನ್ಯ ಇರೊಕ್ವಾ ನಾಡಿನಲ್ಲಿ 40ಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತು. ಜೋಳದ ಹೊಲ, ಹಣ್ಣಿನ ತೋಪು ಯಾವುದನ್ನೂ ಬಿಡಲಿಲ್ಲ. 1790ರಲ್ಲಿ ಸೆನೆಕಾ ಮುಖಂಡ ಕಾರ್ನ್‌ಪ್ಲಾಂಟರ್, ಆಗ ಅಧ್ಯಕ್ಷನಾಗಿದ್ದ ವಾಷಿಂಗ್ಟನ್ನನ ಮುಖಕ್ಕೇ ಹೇಳಿದ. ನಿಮ್ಮನ್ನು ನಾವು ಊರು ನಾಶ ಮಾಡುವವನು ಎಂದು ಕರೆಯುತ್ತೇವೆ, ಆ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಹೆಂಗಸರು ಬೆಚ್ಚಿ ಹಿಂದೆ ತಿರುಗಿ ನೋಡುತ್ತಾರೆ, ಮಕ್ಕಳು ತಾಯಂದಿರ ಕೊರಳು ತಬ್ಬುತ್ತಾರೆ ಎಂದ.

ಬ್ರಿಟಿಷರ ಕಡೆ ಹೋದವರಿಗೆ ಏನಾಯಿತು? ಪ್ಯಾರಿಸ್ ಒಪ್ಪಂದದಲ್ಲಿ ಅವರ ಹೆಸರೇ ಇಲ್ಲ. ಅವರ ನೆಲವನ್ನೂ ಸೇರಿಸಿ ಬ್ರಿಟನ್ ಹೊಸ ದೇಶಕ್ಕೆ ಬರೆದುಕೊಟ್ಟಿತು. ಅಮೆರಿಕದ ಕಡೆ ನಿಂತ ಒನೈಡಾ ಜನರ ಗತಿ? ನಿಮ್ಮ ಭೂಮಿ ನಿಮ್ಮದೇ ಎಂದು 1784ರ ಒಪ್ಪಂದದಲ್ಲಿ ಮಾತು ಕೊಟ್ಟರು. ನಾಲ್ಕೇ ವರ್ಷದಲ್ಲಿ ನ್ಯೂಯಾರ್ಕ್ ರಾಜ್ಯ 50 ಲಕ್ಷಕ್ಕೂ ಹೆಚ್ಚು ಎಕರೆ ಬರೆಸಿಕೊಂಡಿತು. ಉಳಿದದ್ದೂ ಚೂರುಚೂರಾಗಿ ಹೋಗಿ, 1920ರ ಹೊತ್ತಿಗೆ ಅವರ ಕೈಯಲ್ಲಿ ಇದ್ದದ್ದು 32 ಎಕರೆ. ಪಕ್ಷ ಸರಿಯಾಗಿ ಆರಿಸಿಕೊಂಡರೆ ಬಚಾವ್ ಎಂಬ ಲೆಕ್ಕ ಇವರ ಪಾಲಿಗೆ ಇರಲೇ ಇಲ್ಲ.

ಹೆಂಗಸರ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕನ್ನಡದವರು ಬೇಕಾದಷ್ಟು ಜನ ಇರುವ ನ್ಯೂಜೆರ್ಸಿಯಲ್ಲಿ 1776ರ ಸಂವಿಧಾನ 50 ಪೌಂಡ್ ಆಸ್ತಿ ಇರುವ ಎಲ್ಲ ನಿವಾಸಿಗಳಿಗೂ ಮತ ಕೊಟ್ಟಿತು. ಗಂಡು ಎಂದು ಬರೆದಿರಲಿಲ್ಲ, ಬಿಳಿ ಎಂದೂ ಬರೆದಿರಲಿಲ್ಲ. ಗಂಡನಿಲ್ಲದ ಆಸ್ತಿವಂತ ಹೆಂಗಸರು ನಿಜವಾಗಿಯೂ ಮತ ಹಾಕಿದರು. 1807ರಲ್ಲಿ ಅದನ್ನು ಕಿತ್ತುಕೊಂಡರು. ಹಕ್ಕು ಒಮ್ಮೆ ಬಂದರೆ ಬೆಳೆಯುತ್ತಲೇ ಹೋಗುತ್ತದೆ ಎಂದು ನಂಬುವವರಿಗೆ ನಾನು ಈ ಇಸವಿ ಹೇಳುತ್ತೇನೆ.

1790ರಲ್ಲಿ ಹೊಸ ಸಂಸತ್ತು ಪೌರತ್ವದ ಕಾನೂನು ಮಾಡಿತು. ಎರಡು ವರ್ಷ ವಾಸವಿದ್ದ, ಗುಲಾಮರಲ್ಲದ ಬಿಳಿಯರು ಪೌರರಾಗಬಹುದು ಎಂದಿತು. ಅದೇ ವರ್ಷದ ಜನಗಣತಿಯಲ್ಲಿ ದೇಶದ 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಗುಲಾಮರು. ಬಿಳಿಯ ಎಂಬ ಆ ಒಂದು ಷರತ್ತು ನಮ್ಮವರನ್ನೂ ತಟ್ಟಿತು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ 1923ರಲ್ಲಿ ಸುಪ್ರೀಂ ಕೋರ್ಟ್ ನೀನು ಬಿಳಿಯನಲ್ಲ ಎಂದು ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ವರ್ಷಕ್ಕೆ 100 ಜನ ಬರಬಹುದು ಎಂಬ ಮಿತಿಯೊಂದಿಗೆ.

ಈಗ ಬಿಳಿಯರಲ್ಲೇ ಬಡವರ ಕಡೆ ಬರೋಣ. ಯುದ್ಧದಲ್ಲಿ ಸಿಪಾಯಿಗಳಿಗೆ ಸಂಬಳದ ಬದಲು ಸಾಲಪತ್ರ ಕೊಟ್ಟಿದ್ದರು. ಹೊಟ್ಟೆಗಿಲ್ಲದ ಸಿಪಾಯಿ ಅದನ್ನು ಮೂರು ಕಾಸಿಗೆ ಮಾರಿಕೊಂಡ. ಕೊಂಡವರು ಪೇಟೆಯ ದುಡ್ಡಿನ ಜನ. ಮ್ಯಾಸಚೂಸೆಟ್ಸ್ ರಾಜ್ಯ ಅವರಿಗೆ ಪೂರ್ತಿ ಬೆಲೆ ಕೊಡಲು ಹೊರಟು ರೈತರ ಮೇಲೆ ತೆರಿಗೆ ಹಾಕಿತು. ಅದೂ ನಾಣ್ಯದಲ್ಲೇ ಕಟ್ಟಬೇಕು. ಅಂದರೆ ಸಿಪಾಯಿ ತನ್ನ ಸಂಬಳವನ್ನು ಬೇರೆಯವರಿಗೆ ತಾನೇ ಕಟ್ಟಿಕೊಡಬೇಕು! ಕಟ್ಟದವರ ದನ ಜಪ್ತಿ, ನೆಲ ಹರಾಜು, ಸಾಲಕ್ಕೆ ಜೈಲು. 1786ರಲ್ಲಿ ಪಶ್ಚಿಮದ ರೈತರು ಕೋರ್ಟುಗಳ ಬಾಗಿಲಿಗೆ ಅಡ್ಡ ನಿಂತು ಕಲಾಪ ನಡೆಯದಂತೆ ಮಾಡಿದರು. ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಹಳೆಯ ಸೈನ್ಯದ ಕ್ಯಾಪ್ಟನ್. ಅಡಗಿಸಲು ಸರ್ಕಾರದ ಬಳಿ ದುಡ್ಡಿರಲಿಲ್ಲ. ಬಾಸ್ಟನ್ ವ್ಯಾಪಾರಿಗಳು ಚಂದಾ ಎತ್ತಿ ಸೈನ್ಯ ಕಟ್ಟಿಸಿದರು. ಅದರ ದಂಡನಾಯಕ ಯಾರು ಗೊತ್ತಾ? ಯಾರ್ಕ್‌ಟೌನ್‌ನಲ್ಲಿ ಕತ್ತಿ ಈಸಿಕೊಂಡ ಅದೇ ಬೆಂಜಮಿನ್ ಲಿಂಕನ್. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಂದೆ, ಲಿಂಕನ್ ಬಂದು ತಲುಪುವ ಮೊದಲೇ, ಕಾವಲು ಪಡೆ ಫಿರಂಗಿ ಹಾರಿಸಿ ನಾಲ್ವರನ್ನು ಕೊಂದಿತು. ಆಮೇಲೆ ಮತ್ತೆ ಪಟ್ಟಿ, ಮತ್ತೆ ಪ್ರಮಾಣ. ಬಂಡೆದ್ದವರು ಮೂರು ವರ್ಷ ಮತ ಹಾಕುವಂತಿಲ್ಲ, ಜ್ಯೂರಿಯಲ್ಲಿ ಕೂರುವಂತಿಲ್ಲ, ಶಾಲೆಯಲ್ಲಿ ಪಾಠ ಹೇಳುವಂತಿಲ್ಲ, ಹೆಂಡದಂಗಡಿಯನ್ನೂ ಇಡುವಂತಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಕೊನೆಗೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: "ಹಾಗಾದರೆ ಎಲ್ಲರೂ ಸಮಾನರು ಎಂದು ಬರೆದದ್ದೆಲ್ಲ ಬರೀ ಬೊಗಳೆಯಾ ಸಾರ್?"

ಇಲ್ಲ ಸಾರ್. ಬರೆದವರ ಮನಸ್ಸಿನಲ್ಲಿ ಏನಿತ್ತೋ, ಕೇಳಿಸಿಕೊಂಡವರು ಅದನ್ನು ಬೇರೆಯೇ ರೀತಿ ಬಳಸಿದರು. ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಊರಿನಲ್ಲಿ ಕರ್ನಲ್ ಜಾನ್ ಆಶ್ಲಿ ಎಂಬವನ ಮನೆ. 1773ರಲ್ಲಿ ಊರ ಪ್ರಮುಖರು ಅಲ್ಲೇ ಕೂತು, ಮನುಷ್ಯರೆಲ್ಲ ಸಮಾನರು, ಸ್ವತಂತ್ರರು ಎಂಬ ನಿರ್ಣಯ ಬರೆದರು. ಆ ಮನೆಯಲ್ಲಿ ಬೆಟ್ ಎಂಬ ಗುಲಾಮ ಹೆಂಗಸು ಇದ್ದಳು. ಆಕೆಗೆ ಓದು ಬರಹ ಬಾರದು. ಒಡತಿ ಒಮ್ಮೆ ಕಾದ ಸಲಿಕೆಯಿಂದ ಇನ್ನೊಬ್ಬ ಹುಡುಗಿಗೆ ಹೊಡೆಯಲು ಹೋದಾಗ ಈಕೆ ಕೈ ಅಡ್ಡ ಕೊಟ್ಟಳು. ಗಾಯದ ಕಲೆಯನ್ನು ಜೀವನಪೂರ್ತಿ ಮುಚ್ಚಲಿಲ್ಲ, ಎಲ್ಲರಿಗೂ ಕಾಣಲಿ ಎಂದು. ರಾಜ್ಯದ ಹೊಸ ಸಂವಿಧಾನ 1780ರಲ್ಲಿ ಬಂತು. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ಮಾತು ಅದರಲ್ಲೂ ಇತ್ತು. ಬೆಟ್ ನೇರ ಥಿಯೊಡೋರ್ ಸೆಡ್ಜ್‌ವಿಕ್ ಎಂಬ ವಕೀಲನ ಬಳಿ ಹೋಗಿ, ಆ ಕಾನೂನು ನನಗೂ ಲಾಗೂ ಆಗುತ್ತದಲ್ಲವೇ ಎಂದು ಕೇಳಿದಳು. 1773ರ ನಿರ್ಣಯ ಬರೆದವರಲ್ಲಿ ಈ ವಕೀಲನೂ ಒಬ್ಬ. 1781ರ ಆಗಸ್ಟ್‌ನಲ್ಲಿ ಜ್ಯೂರಿ ಆಕೆಯ ಪರ ತೀರ್ಪು ಕೊಟ್ಟಿತು, 30 ಶಿಲ್ಲಿಂಗ್ ಪರಿಹಾರ. ಆಕೆ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. 1790ರ ಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರ ಕಾಲಂನಲ್ಲಿ ಒಂದು ಹೆಸರೂ ಇಲ್ಲ.

ಆದರೆ ಕಥೆ ಅಷ್ಟು ಚೆಂದವಾಗಿ ಮುಗಿಯುವುದಿಲ್ಲ. ಬಿಡುಗಡೆಯಾದ ಮೇಲೆ ಆಕೆ ಸೆಡ್ಜ್‌ವಿಕ್ ಮನೆಯಲ್ಲೇ ಕೂಲಿಗೆ ನಿಂತಳು. ಆ ಸೆಡ್ಜ್‌ವಿಕ್ ಶೇಸ್ ದಂಗೆಯ ಕಡು ವಿರೋಧಿ. 1787ರ ಫೆಬ್ರವರಿ ಕೊನೆಯಲ್ಲಿ ದಂಗೆಕೋರರ ಒಂದು ತಂಡ ಸ್ಟಾಕ್‌ಬ್ರಿಜ್ ಊರಿಗೆ ನುಗ್ಗಿ ಸಾಹುಕಾರರ ಮನೆ ದೋಚಿತು. ಸೆಡ್ಜ್‌ವಿಕ್ ಊರಲ್ಲಿರಲಿಲ್ಲ. ಅವನ ಮಗಳು ಮುಂದೆ ಬರೆದಿಟ್ಟ ಪ್ರಕಾರ, ಬೆಟ್ ಮನೆಯ ಬೆಳ್ಳಿಯನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಕೈಯಲ್ಲಿ ಸಲಿಕೆ ಹಿಡಿದು ಬಂದವರ ಹಿಂದೆಯೇ ಮನೆಯೆಲ್ಲ ಸುತ್ತಿದಳು. ಕೊನೆಗೆ ಅವರು ಪೆಟ್ಟಿಗೆಯ ಹತ್ತಿರ ಬಂದಾಗ ಮೂದಲಿಸಿದಳು: ತೆಗೆಯಿರಿ, ತೆಗೆಯಿರಿ, ನನ್ನಂಥ ಕಪ್ಪು ಆಳಿನ ಪೆಟ್ಟಿಗೆ ಹುಡುಕುವಷ್ಟು ದೊಡ್ಡವರಲ್ಲವೇ ನೀವು! ಅವರು ನಾಚಿಕೊಂಡು ಹಾಗೇ ಹೋದರು.

ದೇಶಕ್ಕಾಗಿ ಹೋರಾಡಿ ನೆಲ ಕಳೆದುಕೊಂಡವರ ಗುಂಪಿನವರು ಒಂದು ಕಡೆ. ಅದೇ ದೇಶದ ಕೋರ್ಟಿನಲ್ಲಿ ತನ್ನನ್ನು ತಾನು ಬಿಡಿಸಿಕೊಂಡವಳು ಇನ್ನೊಂದು ಕಡೆ, ಸಾಹುಕಾರನ ಬೆಳ್ಳಿ ಕಾಯುತ್ತಾ. ಇದರಲ್ಲಿ ನೀವು ಯಾರ ಪಕ್ಷ ಸಾರ್ ಎಂದು ನಾನು ತಿರುಗಿ ಕೇಳಿದೆ. ಅವರು ನಕ್ಕು, "ಬೆಟ್ ಕಡೆ. ಆದರೆ ಬೆಳ್ಳಿ ಕಡೆ ಅಲ್ಲ" ಎಂದರು.